ಠಸ್ಸೆಯಕ್ಕನ ಕೈ ಹಗುರಾದ ಬಗೆ

ಅವಳು ನನ್ನ ತರಗತಿಯಲ್ಲಿ ಓದುತ್ತಿದ್ದಾಗಲೇ ಅವಳ ಕೈಯ ಭಾರ ಶಾಲೆಗೆಲ್ಲ ಗೊತ್ತಿತ್ತು. ನೋಟ್ ಪುಸ್ತಕದ ಒಂದು ಹಾಳೆಯಲ್ಲಿ ಬರೆದರೆ ಕೆಳಗಿನ ಹಾಳೆಗಳ ಮೇಲೂ ಅದೇ ಪಾಠ ಉಬ್ಬಿ ನಿಲ್ಲುತ್ತಿತ್ತು. ಪೆನ್ಸಿಲ್ಲಿನ ಮೊನೆ ಅವಳ ಕೈಯಲ್ಲಿ ಒಂದು ಸಾಲು ಬಾಳಿದರೆ ಹೆಚ್ಚು. ಲೆಕ್ಕ ಬಿಡಿಸಲು ಕಪ್ಪುಹಲಗೆಯ ಬಳಿ ಕರೆದರೆ ಸೀಮೆಸುಣ್ಣ ಪುಡಿಯಾಗಿ ಮುಂದಿನ ಬೆಂಚಿನವರ ತಲೆಗಳೆಲ್ಲ ನರೆತುಹೋಗುತ್ತಿದ್ದವು. ಹಾಗೆಂದು ಅವಳದು ಒರಟು ಸ್ವಭಾವವಲ್ಲ. ಮಾಡಿದ ಕೆಲಸ ಗಟ್ಟಿಯಾಗಿ ಆಗಬೇಕೆಂಬ ಆಸೆ ಮಾತ್ರ. ಆ ಆಸೆ ಮನಸ್ಸಿನಲ್ಲಿ ಉಳಿಯದೆ ಬೆರಳುಗಳಿಗೆ ಇಳಿದುಬಿಡುತ್ತಿತ್ತು.

ಓದು ಮುಗಿದ ಮೇಲೆ ಅವಳಿಗೆ ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಠಸ್ಸೆ ಹೊಡೆಯುವ ಕೆಲಸ ಸಿಕ್ಕಿತು. ಆ ಕೈಗೆ ಹೇಳಿ ಮಾಡಿಸಿದಂಥ ಕೆಲಸ. ಅವಳು ಹೊಡೆದ ತಾರೀಕನ್ನು ಕನ್ನಡಕವಿಲ್ಲದೆ ಓದಬಹುದಿತ್ತು. ಲಕೋಟೆಯ ಮೇಲೆ ಹೊಡೆದದ್ದು ಒಳಗಿನ ಕಾಗದದ ಮೇಲೂ ಅಚ್ಚಾಗಿರುತ್ತದೆ ಎಂದು ಬೀದಿಯವರು ನಗುತ್ತಿದ್ದರು. ಬರಬರುತ್ತ ಅವಳ ಹೆಸರು ಎಲ್ಲರಿಗೂ ಮರೆತೇಹೋಯಿತು. ಚಿಕ್ಕವರಿಗೂ ದೊಡ್ಡವರಿಗೂ ಅವಳು ಠಸ್ಸೆಯಕ್ಕ ಆದಳು. ಅವಳ ಸ್ವಂತ ಅಕ್ಕ ಮಾತ್ರ ಅಕ್ಕ ಎಂಬುದನ್ನು ಕತ್ತರಿಸಿ, ಬರೀ ಠಸ್ಸೆ ಎಂದು ಕರೆಯುತ್ತಿದ್ದಳು.

ಕೆಲವು ವರ್ಷಗಳಲ್ಲಿ ಠಸ್ಸೆ ಹೊಡೆಯುವ ಯಂತ್ರ ಬಂತು. ಇವಳನ್ನು ವಿಚಾರಣೆಯ ಮೇಜಿಗೆ ಕೂರಿಸಿದರು. ಕೈಗೆ ಕೆಲಸವಿಲ್ಲದೆ ಕೂತು ಕೂತು ಬೇಸತ್ತ ಅವಳು ಅದನ್ನು ಬಿಟ್ಟು, ಸಣ್ಣದೊಂದು ತರಬೇತಿ ಪಡೆದು, ಚರ್ಮದ ಆಸ್ಪತ್ರೆಯ ಬೆಳಕಿನ ಕೋಣೆಗೆ ಸಹಾಯಕಿಯಾಗಿ ಸೇರಿಕೊಂಡಳು.

ಬೆಳಕಿನ ಕೋಣೆ ಎಂದರೆ ಮೊದಲ ಮಹಡಿಯ ಕೊನೆಯ ಕೋಣೆ. ಒಳಗೆ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ, ಅದರ ಗೋಡೆಗಳ ತುಂಬ ಟ್ಯೂಬ್ ಲೈಟುಗಳು. ಕೆಲವು ಚರ್ಮರೋಗಗಳಿಗೆ ಆ ಬೆಳಕೇ ಔಷಧಿ. ರೋಗಿ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬೇಕು. ಬೆಳಕು ಕಡಿಮೆಯಾದರೆ ರೋಗ ಜಗ್ಗುವುದಿಲ್ಲ, ಹೆಚ್ಚಾದರೆ ಮೈ ಸುಡುತ್ತದೆ. ಯಾರಿಗೆ ಎಷ್ಟು ಎಂದು ತಿಳಿಯಲು ಮೊದಲು ಬೆನ್ನಿನ ಮೇಲೆ ಪರೀಕ್ಷೆ ಮಾಡುತ್ತಾರೆ. ದಪ್ಪ ಬಟ್ಟೆಯೊಂದರಲ್ಲಿ ಸಾಲಾಗಿ ಚೌಕ ಕಿಟಕಿಗಳನ್ನು ಕತ್ತರಿಸಿ, ಅದನ್ನು ಬೆನ್ನಿಗೆ ಅಂಟಿಸಿ, ಒಂದೊಂದು ಕಿಟಕಿಗೆ ಸ್ವಲ್ಪ ಸ್ವಲ್ಪ ಹೆಚ್ಚು ಬೆಳಕು ಬಿಡುವುದು. ಮರುದಿನ ನೋಡಿದಾಗ ಯಾವ ಚೌಕ ಮೊದಲು ಕೆಂಪಾಗಿದೆಯೋ ಅದೇ ಆ ಮೈಯ ಎಲ್ಲೆ. ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಚಿಕಿತ್ಸೆ ಶುರು.

ಬೆಳ್ಳಗಿನವರ ಬೆನ್ನಿನ ಮೇಲೆ ಆ ಕೆಂಪು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಎಣ್ಣೆಗೆಂಪಿನವರಲ್ಲಿ ಹತ್ತಿರ ಹೋಗಿ ನೋಡಬೇಕು. ಕಡುಕಪ್ಪು ಮೈಯಲ್ಲಿ ಕಣ್ಣಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಒಂದು ಅಳತೆಯ ಯಂತ್ರ ತರಿಸಿದ್ದರು. ಟಾರ್ಚಿನಂಥ ಒಂದು ಹಿಡಿ, ಅದರ ತುದಿಯಲ್ಲಿ ಬೆಳಕಿನ ಉಂಗುರ. ಚರ್ಮಕ್ಕೆ ತಾಗಿಸಿದರೆ ಕೆಂಪು ಎಷ್ಟು ಎಂದು ಅಂಕಿ ಮೂಡುತ್ತದೆ. ಅಲ್ಲಿಯ ಡಾಕ್ಟರಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದರು.

“ಚರ್ಮದ ಕಪ್ಪೂ ಬೆಳಕು ಹೀರುತ್ತೆ, ಒಳಗಿರೋ ರಕ್ತವೂ ಹೀರುತ್ತೆ. ಯಂತ್ರಕ್ಕೆ ಎರಡೂ ಕಲಸಿಹೋಗುತ್ತೆ. ಅದಕ್ಕೆ ಒಬ್ಬರ ಅಂಕಿ ಇನ್ನೊಬ್ಬರ ಜೊತೆ ಹೋಲಿಸಬಾರದು. ಅವರದೇ ಬೆನ್ನಲ್ಲಿ, ಚೌಕದ ಪಕ್ಕ ಬೆಳಕು ಬೀಳದ ಜಾಗ ಇರುತ್ತಲ್ಲ, ಅಲ್ಲೂ ಅಳೀರಿ. ಇದರಲ್ಲಿ ಅದನ್ನ ಕಳೀರಿ. ಉಳಿದದ್ದೇ ಕೆಂಪು.”

ಠಸ್ಸೆಯಕ್ಕ ಈ ಮಾತನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಯಂತ್ರದ ಜೊತೆ ಬಂದ ಬಿಳಿ ಬಿಲ್ಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಅದರ ಮೇಲೆ ಹಿಡಿಯನ್ನಿಟ್ಟು ಸರಿನೋಡುವಳು. ಕಿಟಕಿಯ ಪರದೆ ಎಳೆಯುವಳು. ಮೆಟ್ಟಿಲು ಹತ್ತಿ ಬಂದವರನ್ನು ಮೈಯ ಕಾವು ಇಳಿಯುವ ತನಕ ಕೂರಿಸುವಳು. ಇಷ್ಟೆಲ್ಲ ಮಾಡಿದ ಮೇಲೆ ಯಂತ್ರದ ಅಂಕಿಯೆಂದರೆ ಅವಳಿಗೆ ಕೋರ್ಟಿನ ತೀರ್ಪು.

ಇಂಥ ಕೋಣೆಗೆ ಒಂದು ದಿನ ಅವಳ ಭಾವನೇ ರೋಗಿಯಾಗಿ ಬಂದರು.

ಅಕ್ಕ, ಭಾವ ಕೆಳಗಿನ ಮನೆಯಲ್ಲಿ, ಇವಳು ಮಹಡಿಯ ಮೇಲೆ. ಊಟ ಮಾತ್ರ ಒಟ್ಟಿಗೆ. ಭಾವ ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವರು. ಒಳ್ಳೆಯ ಕಪ್ಪು ಮೈಬಣ್ಣ, ಅಗಲವಾದ ಭುಜ, ಬಾಯಿ ತೆರೆದರೆ ತಮಾಷೆ. ಆ ವರ್ಷ ಅವರ ಮೊಣಕೈಗಳ ಮೇಲೆ, ಆಮೇಲೆ ಸೊಂಟದ ಸುತ್ತ ಹೊಟ್ಟು ಏಳುವ ಪಟ್ಟೆಗಳು ಬಂದವು. ಸೋರಿಯಾಸಿಸ್ ಎಂದರು. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಈಜು ಕಲಿಸುವವರು ಮೈ ಮುಚ್ಚಿಕೊಳ್ಳುವುದು ಹೇಗೆ? ಯಾರೋ ತಾಯಿ ನೋಡಿದರು, ಇನ್ಯಾರೋ ತಂದೆ ದೂರು ಕೊಟ್ಟರು. ಕೊಳದ ಮೇಲ್ವಿಚಾರಕ ಭಾವನನ್ನು ಕರೆದ.

“ಇದು ಅಂಟೋ ರೋಗ ಅಲ್ಲ ಸಾರ್.”

“ನನಗೆ ಗೊತ್ತು ರೀ. ಊರಿಗೆಲ್ಲ ಯಾರು ತಿಳಿಸಿ ಹೇಳೋದು? ಸದ್ಯಕ್ಕೆ ದಡದ ಮೇಲೆ ನಿಂತು ಕಲಿಸಿ. ರಜೆಯ ತರಗತಿ ಶುರುವಾಗೋ ಹೊತ್ತಿಗೆ ಮೈ ಸರಿಹೋದ್ರೆ ನೀರಿಗಿಳೀರಿ. ಇಲ್ಲದಿದ್ರೆ ಟಿಕೆಟ್ ಕೊಡೋ ಜಾಗಕ್ಕೆ ಹೋಗಿ, ಬೇರೆಯವರನ್ನ ಇಳಿಸ್ತೀನಿ.”

ಭಾವ ಅಂಗಿ ತೊಟ್ಟು ದಡದ ಮೇಲೆ ನಿಂತರು. ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದರು: “ದಡದಲ್ಲಿ ನಿಂತು ಈಜು ಕಲಿಸೋದು ಅಂದ್ರೆ ಫೋನಿನಲ್ಲಿ ಊಟ ಬಡಿಸಿದ ಹಾಗೆ ಕಣೇ.” ನಗುತ್ತಲೇ ಹೇಳಿದರು. ಆದರೆ ಆ ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಚಿಕ್ಕಂದಿನಿಂದ ನೀರಿನಲ್ಲೇ ಬೆಳೆದವರು ಅವರು. ಗಾಜಿನ ಹಿಂದೆ ಕೂತು ಟಿಕೆಟ್ ಹರಿಯುವ ಭಾವನನ್ನು ಆ ಮನೆಯಲ್ಲಿ ಯಾರಿಗೂ ಊಹಿಸಿಕೊಳ್ಳಲು ಆಗಲಿಲ್ಲ.

“ಭಾವ, ನಮ್ಮ ಬೆಳಕಿನ ಕೋಣೆಗೆ ಬನ್ನಿ. ನಾನಿದ್ದೀನಲ್ಲ,” ಎಂದಳು ಠಸ್ಸೆಯಕ್ಕ.

“ನೀನಿದ್ದೀಯ ಅಂತಲೇ ಭಯ,” ಎಂದರು ಭಾವ.

ಬೆನ್ನಿಗೆ ಕಿಟಕಿಯ ಬಟ್ಟೆ ಅಂಟಿಸಿ ಬೆಳಕು ಬಿಟ್ಟದ್ದಾಯಿತು. ಮರುದಿನ ಅಳತೆ. ಹಿಡಿಯ ತುದಿ ಬೆನ್ನಿಗೆ ತಾಗಿದೊಡನೆ ಭಾವ ಶುರುಮಾಡಿದರು.

“ಮೆಲ್ಲಗೆ ನಾದಿನಿ. ಇದು ಲಕೋಟೆ ಅಲ್ಲ, ಬೆನ್ನು.”

“ಸುಮ್ನೆ ಕೂತ್ಕೊಳ್ಳಿ ಭಾವ. ಮಾತಾಡಿದ್ರೆ ನಗ್ತೀರ, ನಕ್ಕರೆ ಮೈ ಕೆಂಪಾಗುತ್ತೆ, ಅಳತೆ ಕೆಡುತ್ತೆ.”

“ನಾನು ಕೆಂಪಾದ್ರೆ ಯಾರಿಗೆ ಕಾಣಬೇಕು? ಮದುವೆ ದಿನ ನಾಚಿಕೊಂಡಿದ್ದೆ, ನಿಮ್ಮಕ್ಕ ಇವತ್ತಿಗೂ ನಂಬಲ್ಲ.”

ಚೌಕದ ಅಂಕಿ, ಪಕ್ಕದ ಅಂಕಿ, ಒಂದರಲ್ಲಿ ಒಂದು ಕಳೆದರೆ ಉಳಿಯುವುದು ಬಹುಮಟ್ಟಿಗೆ ಸೊನ್ನೆ. ಯಾವ ಕಿಟಕಿಯೂ ಕೆಂಪಾಗಿಲ್ಲ. ಡಾಕ್ಟರಮ್ಮ ಇನ್ನೂ ಹೆಚ್ಚಿನ ಬೆಳಕಿನ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದರ ಮರುದಿನವೂ ಅದೇ ಕತೆ. “ಇಷ್ಟು ಬೆಳಕಿಗೂ ಜಗ್ಗದ ಮೈ,” ಎಂದು ಅವರು ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿ, ಸೋಮವಾರದಿಂದ ದೊಡ್ಡ ಪ್ರಮಾಣದಲ್ಲೇ ಚಿಕಿತ್ಸೆ ಶುರುಮಾಡೋಣ ಎಂದರು. ರಜೆಯ ತರಗತಿ ಹತ್ತಿರ ಬರುತ್ತಿತ್ತು. ಬೇಗ ಗುಣವಾಗಲಿ ಎಂದು ಠಸ್ಸೆಯಕ್ಕನಿಗೂ ಅದು ಒಪ್ಪಿಗೆಯಾಯಿತು.

ಅಂದು ಸಂಜೆ ಭಾವ ಕುರ್ಚಿಗೆ ಒರಗದೆ, ನೆಟ್ಟಗೆ ಕೂತು ಊಟ ಮಾಡುತ್ತಿದ್ದರು.

“ಬೆನ್ನು ಉರೀತಿದೆ ಕಣೇ.”

ಅಕ್ಕ ಅಂಗಿ ಎತ್ತಿ ನೋಡಿದಳು. “ಏನೂ ಕಾಣಲ್ವಲ್ಲ,” ಎಂದು ಅಂಗೈಯ ಹಿಂಬದಿಯನ್ನು ಬೆನ್ನಿನ ಮೇಲೆ ಆಡಿಸಿದಳು. ಮಕ್ಕಳ ಜ್ವರ ನೋಡುವವರು ಹಾಗೆ ನೋಡುತ್ತಾರೆ. “ಅಯ್ಯೋ, ಇಲ್ಲಿ ಬಿಸಿ. ಇಲ್ಲೂ ಬಿಸಿ. ಇಲ್ಲಿ ಇಲ್ಲ. ಲೇ ಠಸ್ಸೆ, ಬಾ ಇಲ್ಲಿ. ಕಣ್ಣು ಮುಚ್ಕೊಂಡು ನಿನ್ನ ಕಿಟಕಿಗಳನ್ನೆಲ್ಲ ತೋರಿಸ್ತೀನಿ.”

“ಅದು ಅಂಗಿಯ ಕಾವಿರಬೇಕು. ಯಂತ್ರ ಸುಳ್ಳು ಹೇಳಲ್ಲಕ್ಕ.”

“ಹಾಗಾದ್ರೆ ನನ್ನ ಕೈ ಸುಳ್ಳು ಹೇಳುತ್ತಾ?”

“ನಿಮ್ಮಿಬ್ಬರ ಮಧ್ಯೆ ಸುಳ್ಳು ಹೇಳ್ತಿರೋನು ನಾನೊಬ್ಬನೇ ಅಂತ ಕಾಣುತ್ತೆ,” ಎಂದರು ಭಾವ. “ಸಾರು ಹಾಕು.”

ಎಲ್ಲರೂ ನಕ್ಕರು. ಠಸ್ಸೆಯಕ್ಕನೂ ನಕ್ಕಳು. ಆದರೆ ಮಹಡಿ ಹತ್ತುವಾಗ ಅಕ್ಕನ ಕೈ ಬೆನ್ನಿನ ಮೇಲೆ ಒಂದೊಂದು ಕಡೆ ನಿಂತು ನಿಂತು ಹೋದದ್ದು ಅವಳ ಕಣ್ಣಿಗೆ ಕಟ್ಟಿಕೊಂಡೇ ಇತ್ತು. ಅಂಗಿಯ ಕಾವಾಗಿದ್ದರೆ ಬೆನ್ನೆಲ್ಲ ಬಿಸಿಯಿರಬೇಕಿತ್ತು.

ಮರುದಿನ ಆಸ್ಪತ್ರೆಯ ಊಟದ ಬಿಡುವಿನಲ್ಲಿ ಅವಳು ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡಿದು ಈಜುಕೊಳಕ್ಕೆ ಹೋದಳು. ಭಾವ ಮನೆಯಲ್ಲಿ ಡಬ್ಬಿ ಮರೆಯುವುದು ವಾಡಿಕೆ, ಯಾರಾದರೂ ತಂದುಕೊಡುವುದೂ ವಾಡಿಕೆ. ಕೊಳದ ನೀಲಿ ಹೆಂಚುಗಳ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಕ್ಲೋರಿನ್ ವಾಸನೆ. ದಡದಲ್ಲಿ ಭಾವ ಅಂಗಿ ತೊಟ್ಟು, ಪ್ಯಾಂಟನ್ನು ಮೊಣಕಾಲ ತನಕ ಮಡಿಚಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಂಚಿಗೆ ಕರೆದು ಕೈ ನೋಡುತ್ತಿದ್ದರು.

“ಬಾ ಪುಟ್ಟಿ, ಕೈ ಕೊಡು.”

ಹುಡುಗಿ ಕೈ ಚಾಚಿದಳು. ಭಾವ ಅವಳ ಹೆಬ್ಬೆರಳ ಉಗುರನ್ನು ಒತ್ತಿಹಿಡಿದು ಬಿಟ್ಟರು.

“ಸಾಕು, ಮೇಲೆ ಬಾ. ಟವೆಲ್ ಸುತ್ಕೊಂಡು ಬಿಸಿಲಲ್ಲಿ ಕೂತ್ಕೋ.”

“ನನಗೇನೂ ಚಳಿ ಇಲ್ಲ ಸಾರ್. ಇನ್ನೊಂದು ಸುತ್ತು.”

“ನೀನು ಇಲ್ಲ ಅಂತೀಯ, ನಿನ್ನ ಉಗುರು ಇದೆ ಅನ್ನುತ್ತೆ. ನಾನು ಉಗುರಿನ ಪಕ್ಷ.”

ಹುಡುಗಿ ಮೂತಿ ಉಬ್ಬಿಸಿಕೊಂಡು ಮೇಲೆ ಬಂದಳು. ಠಸ್ಸೆಯಕ್ಕ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಕೇಳಿದಳು.

“ಉಗುರಲ್ಲಿ ಅದೇನು ಕಾಣುತ್ತೆ ಭಾವ?”

“ಮಕ್ಕಳು ಚಳಿ ಅಂತ ಬಾಯಿಬಿಟ್ಟು ಹೇಳಲ್ಲ, ಹೇಳಿದ್ರೆ ಮೇಲೆ ಬಾ ಅಂತೀನಲ್ಲ. ಬೆಳ್ಳಗಿರೋ ಮಕ್ಕಳದ್ದು ಮುಖ ನೋಡಿದ್ರೇ ಗೊತ್ತಾಗುತ್ತೆ. ನನ್ನಂಥ ಬಣ್ಣದವರದ್ದು ಗೊತ್ತಾಗಲ್ಲ. ಉಗುರು ಎಲ್ಲರದೂ ಒಂದೇ ತರ. ಒತ್ತಿದ್ರೆ ಒಳಗಿನ ರಕ್ತ ಓಡಿಹೋಗಿ ಬೆಳ್ಳಗಾಗುತ್ತೆ. ಬಿಟ್ರೆ ಕೆಂಪು ವಾಪಸ್ ಬರುತ್ತೆ. ಬರೋದು ನಿಧಾನವಾದ್ರೆ ಚಳಿ ಹಿಡಿದಿದೆ ಅಂತ.”

ಅವಳು ಭಾವನ ಕೈ ಎಳೆದುಕೊಂಡಳು. ತಾನು ಅಳತೆಯ ಹಿಡಿಯನ್ನು ಒತ್ತುವಷ್ಟೇ ಬಲವಾಗಿ ಅವರ ಹೆಬ್ಬೆರಳ ಉಗುರನ್ನು ಒತ್ತಿದಳು. ಉಗುರು ಸುಣ್ಣ ಬಳಿದ ಗೋಡೆಯಾಯಿತು.

“ಅಯ್ಯೋ, ಬಿಡೇ. ಅದು ನನ್ನದು.”

ಅವಳು ಬಿಟ್ಟಳು. ಕೆಂಪು ಅಂಚಿನಿಂದ ಮೆಲ್ಲಗೆ ತುಂಬಿಕೊಂಡು ಬಂತು. ಅವಳು ಬೆಂಚಿನ ಮೇಲೆ, ಡಬ್ಬಿಯ ಪಕ್ಕದಲ್ಲಿ ಕೂತುಬಿಟ್ಟಳು.

“ಏನಾಯ್ತು? ನಿನಗೇ ಚಳಿ ಹಿಡೀತಾ?”

“ಭಾವ, ನಿಮ್ಮ ಬೆನ್ನಿನ ಮೇಲೆ ನಾನು ಇದನ್ನೇ ಮಾಡ್ತಿದ್ದೆ. ಒತ್ತಿ ಒತ್ತಿ ಕೆಂಪನ್ನೆಲ್ಲ ಓಡಿಸಿಬಿಟ್ಟು, ಆಮೇಲೆ ಕೆಂಪು ಎಷ್ಟಿದೆ ಅಂತ ಅಳೀತಿದ್ದೆ.”

ಕೂತಲ್ಲೇ ಅವಳಿಗೆ ಎಲ್ಲ ಬಿಡಿಸಿಕೊಂಡಿತು. ಬೆಳ್ಳಗಿನವರ ಬೆನ್ನಿನಲ್ಲಿ ಚೌಕ ಕೆಂಪಾಗಿ ಕಾಣುತ್ತಿತ್ತು, ನೋವಾದೀತು ಎಂದು ಕೈ ತಾನಾಗಿ ಹಗುರಾಗುತ್ತಿತ್ತು. ಕಪ್ಪು ಬೆನ್ನಿನಲ್ಲಿ ಏನೂ ಕಾಣುತ್ತಿರಲಿಲ್ಲ, ನೋವಿನ ನೆನಪೇ ಬರುತ್ತಿರಲಿಲ್ಲ. ಅಂಕಿ ಕಡಿಮೆ ಬಂದರೆ ಸರಿಯಾಗಿ ಕೂತಿಲ್ಲವೆಂದು ಇನ್ನಷ್ಟು ಒತ್ತುತ್ತಿದ್ದಳು. ಪಕ್ಕದ ಬರಿಯ ಚರ್ಮವನ್ನು ಮಾತ್ರ ಹಾಗೇ ಮುಟ್ಟಿ ಬಿಡುತ್ತಿದ್ದಳು, ಅಲ್ಲಿ ಹುಡುಕುವುದೇನೂ ಇರಲಿಲ್ಲವಲ್ಲ. ಒಂದು ಕಡೆ ಒತ್ತಿ, ಇನ್ನೊಂದು ಕಡೆ ಒತ್ತದೆ ಕಳೆದರೆ ಉಳಿಯುವುದು ಸೊನ್ನೆಯೇ.

“ಹಾಗಾದ್ರೆ ಸೋಮವಾರದ ಬೆಳಕು?” ಎಂದರು ಭಾವ.

“ಅದು ಬೇಡವೇ ಬೇಡ. ಪಾಠ ಮುಗಿಸಿ ನೆಟ್ಟಗೆ ಆಸ್ಪತ್ರೆಗೆ ಬನ್ನಿ. ನಾನು ಮುಂದೆ ಹೋಗಿರ್ತೀನಿ.”

ದಾರಿಯಲ್ಲಿ ಅವಳಿಗೆ ಇನ್ನೊಂದು ಯೋಚನೆಯೂ ಬಂತು. ಭಾವನ ಬೆನ್ನನ್ನು ಸದ್ದಿಲ್ಲದೆ ಮತ್ತೆ ಅಳೆದು, ಸರಿಯಾದ ಅಂಕಿ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಭಾವ ಒಬ್ಬರೇ ಅಲ್ಲವಲ್ಲ. ಬಟ್ಟೆ ಹೊಲಿಯುವ ಒಬ್ಬ ಹೆಂಗಸು “ಉರಿಯುತ್ತೆ ಅಮ್ಮಾ” ಎಂದಾಗ “ನಿಮಗೆ ಹಾಗನ್ನಿಸುತ್ತೆ ಅಷ್ಟೇ” ಎಂದು ತಾನೇ ಸಮಾಧಾನ ಹೇಳಿ ಕಳಿಸಿದ್ದು ನೆನಪಾಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಆ ಯೋಚನೆ ಕಳಚಿಬಿದ್ದಿತ್ತು.

“ಡಾಕ್ಟರ್, ನನ್ನ ಅಳತೆ ತಪ್ಪಾಗಿದೆ. ಯಂತ್ರದ್ದಲ್ಲ, ನನ್ನ ಕೈಯದ್ದು.”

ಡಾಕ್ಟರಮ್ಮ ತಿನ್ನುತ್ತಿದ್ದ ಹಣ್ಣಿನ ಹೋಳನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ತೋಳನ್ನೇ ಚಾಚಿದರು.

“ನೀವು ಹೇಗೆ ಒತ್ತುತ್ತೀರೋ ಹಾಗೇ ಒತ್ತಿ ತೋರಿಸಿ.”

ಅವಳು ಒತ್ತಿದಳು. ಅಂಕಿ ಕೆಳಗಿಳಿಯಿತು. ಇನ್ನೂ ಒತ್ತಿದಳು, ಇನ್ನೂ ಇಳಿಯಿತು. ಹಿಡಿ ತೆಗೆದಾಗ ತೋಳಿನ ಮೇಲೆ ಉಂಗುರದ ಗುರುತು ಮೂಡಿತ್ತು. ಡಾಕ್ಟರಮ್ಮ ಅದನ್ನು ಉಜ್ಜಿಕೊಳ್ಳುತ್ತ ಹೇಳಿದರು: “ಅಂಚೆ ಕಚೇರಿಯವರು ನಿಮ್ಮನ್ನ ಯಾಕೆ ಬಿಟ್ಟುಕೊಟ್ಟರೋ.” ಮತ್ತೆ, “ತಪ್ಪು ನಿಮ್ಮೊಬ್ಬರದ್ದೇ ಅಲ್ಲ ಬಿಡಿ. ಕಳೆಯೋದು ಹೇಳಿಕೊಟ್ಟೆ, ಮುಟ್ಟೋದು ಹೇಳಿಕೊಡಲಿಲ್ಲ. ಉರೀತಿದೆಯಾ ಅಂತ ಅವರನ್ನ ನಾನು ಒಂದು ಮಾತು ಕೇಳಲೂ ಇಲ್ಲ,” ಎಂದರು.

ಭಾವ ಬಂದರು. ಡಾಕ್ಟರಮ್ಮ ಅವರನ್ನು ಬೋರಲಾಗಿ ಮಲಗಿಸಿ, ಮೊದಲು ಎಲ್ಲಿ ಉರಿ ಎಂದು ಕೇಳಿದರು. ಆಮೇಲೆ ಅಕ್ಕ ಮಾಡಿದ ಹಾಗೆಯೇ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದರು. ಕೊನೆಗೆ ಠಸ್ಸೆಯಕ್ಕನ ಕೈಗೆ ಹಿಡಿ ಕೊಟ್ಟರು.

“ಯಂತ್ರದ ಭಾರ ಸಾಕು, ನಿಮ್ಮ ಭಾರ ಬೇಡ. ಬೆನ್ನಿನ ಮೇಲೆ ನಿಲ್ಲಿಸಿ, ಬೀಳದ ಹಾಗೆ ಹಿಡಿದುಕೊಂಡಿರಿ, ಅಷ್ಟೇ.”

ಅಷ್ಟು ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಒತ್ತಬಾರದೆಂದು ಕೈ ಬಿಗಿ ಹಿಡಿದರೆ ತೋಳು ನಡುಗಿತು. ಬೆವರು ಒರೆಸಿಕೊಂಡು, ಉಸಿರು ಬಿಟ್ಟು ಮತ್ತೆ ಇಟ್ಟಳು. ಈ ಸಲ ಅಂಕಿ ಏರಿತು. ಪಕ್ಕದ ಚರ್ಮವನ್ನೂ ಅಷ್ಟೇ ಹಗುರಾಗಿ ಅಳೆದು ಕಳೆದಳು. ಕೊನೆಯ ಕಿಟಕಿಗಳಿರಲಿ, ಮೊದಮೊದಲ ಕಿಟಕಿಗಳೇ ಆಗಲೇ ಕೆಂಪಾಗಿದ್ದವು. ಭಾವನ ಮೈಗೆ ಬೇಕಾಗಿದ್ದದ್ದು ಸೋಮವಾರಕ್ಕೆ ಬರೆದಿಟ್ಟ ಬೆಳಕಿನ ಅರ್ಧಕ್ಕಿಂತ ಕಡಿಮೆ.

ಭಾವ ಮಲಗಿದಲ್ಲಿಂದಲೇ ಕೇಳಿದರು: “ಅಂದ್ರೆ ಸೋಮವಾರ ನನ್ನನ್ನ ಹುರಿದು ಡಬ್ಬಿಗೆ ತುಂಬೋ ಯೋಚನೆ ಇತ್ತು ಅನ್ನು.”

ಠಸ್ಸೆಯಕ್ಕ ಮುಖ ಆಚೆ ತಿರುಗಿಸಿಕೊಂಡು ಬಿಳಿ ಬಿಲ್ಲೆಯನ್ನು ಒರೆಸುತ್ತಿದ್ದಳು.

“ಏ, ಅಳಬೇಡ್ವೇ. ಅತ್ತರೆ ನೀನು ಕೆಂಪಾಗ್ತೀಯ, ಅಳತೆ ಕೆಡುತ್ತೆ.”

ಆ ವಾರವೆಲ್ಲ ಅವಳು ಹಳೆಯ ರೋಗಿಗಳಿಗೆ ಫೋನ್ ಮಾಡಿ ಕರೆಸಿಕೊಂಡಳು. ಕಪ್ಪು ಮೈಯವರ ಅಳತೆಗಳನ್ನೆಲ್ಲ ಹೊಸದಾಗಿ ತೆಗೆದರು. ಹೊಲಿಗೆಯ ಹೆಂಗಸು ಬಂದಾಗ ಠಸ್ಸೆಯಕ್ಕನೇ ಮೊದಲು, “ಅವತ್ತು ಉರೀತಿತ್ತು ಅಂದಿದ್ರಲ್ಲ, ಅದು ನಿಜವೇ ಆಗಿತ್ತು,” ಎಂದಳು. ಆ ಹೆಂಗಸು, “ನನಗೆ ಅವತ್ತೇ ಗೊತ್ತಿತ್ತಲ್ಲಮ್ಮ,” ಎಂದು ಹೇಳಿ ಬೆನ್ನು ತಿರುಗಿಸಿ ಕೂತಳು.

ಕೈ ಪಳಗಿಸಲು ಅವಳು ಮನೆಯಲ್ಲೂ ಒಂದು ಉಪಾಯ ಕಂಡುಕೊಂಡಳು. ಅಕ್ಕ ಕಾಸಿ ಆರಲು ಇಟ್ಟ ಹಾಲಿನ ಮುಂದೆ ಕೂತು, ಕಟ್ಟಿದ ಕೆನೆಯ ಮೇಲೆ ಚಮಚದ ಬೆನ್ನನ್ನು ಇಡುವುದು. ಕೆನೆ ಹರಿಯಬಾರದು, ಚಮಚ ಅಲುಗಲೂಬಾರದು. ಮೊದಲ ಕೆಲವು ದಿನ ಚಮಚ ಪ್ರತಿಸಲವೂ ತಳ ಮುಟ್ಟಿತು.

“ಲೇ, ಹಾಲು ಕುಡಿಯೋದಾದ್ರೆ ಲೋಟ ತಗೋ,” ಎಂದು ಅಕ್ಕ ಬೈಯುವಳು.

“ಕುಡಿಯೋದಲ್ಲಕ್ಕ, ಕಲಿಯೋದು.”

“ಈ ವಯಸ್ಸಿನಲ್ಲಿ ಹಾಲಿನ ಹತ್ತಿರ ಪಾಠ ಹೇಳಿಸ್ಕೊಳ್ತಿದ್ದಾಳೆ ನೋಡಿ,” ಎಂದು ಅಕ್ಕ ಭಾವನಿಗೆ ದೂರು ಹೇಳಿದರೂ, ಮರುದಿನದಿಂದ ಇವಳಿಗೆಂದೇ ಚಿಕ್ಕ ಪಾತ್ರೆಯಲ್ಲಿ ಬೇರೆ ಹಾಲು ಆರಲಿಡತೊಡಗಿದಳು.

ಸರಿಯಾದ ಬೆಳಕು ಸಿಕ್ಕ ಮೇಲೆ ಭಾವನ ಪಟ್ಟೆಗಳು ಅವಸರವಿಲ್ಲದೆ, ಆದರೆ ದಾರಿ ತಪ್ಪದೆ ತೆಳ್ಳಗಾದವು. ಮೊದಲು ಹೊಟ್ಟು ಉದುರುವುದು ನಿಂತಿತು. ಆಮೇಲೆ ಸೊಂಟ ನುಣುಪಾಯಿತು. ಮೊಣಕೈ ಕೊನೆಯ ತನಕ ಹಟ ಹಿಡಿಯಿತು. ರಜೆಯ ತರಗತಿ ಶುರುವಾಗುವ ಹಿಂದಿನ ಸಂಜೆ ಮೇಲ್ವಿಚಾರಕ ಭಾವನನ್ನು ಅಂಗಿ ತೆಗೆಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, “ಇಳೀರಿ ಹಾಗಾದ್ರೆ,” ಎಂದು ಹೇಳಿ ತನ್ನ ಕೋಣೆಗೆ ಹೋದ.

ಮೊದಲ ದಿನ ಅಕ್ಕನೂ ಠಸ್ಸೆಯಕ್ಕನೂ ಡಬ್ಬಿಯ ನೆಪದಲ್ಲಿ ಹೋದರು. ಪಾಠ ಮುಗಿದು ಮಕ್ಕಳೆಲ್ಲ ಟವೆಲ್ ಸುತ್ತಿಕೊಂಡು ಬಿಸಿಲಲ್ಲಿ ಸಾಲಾಗಿ ಕೂತಿದ್ದರೂ ಭಾವ ಮೇಲೆ ಬರುವ ಲಕ್ಷಣ ಕಾಣಲಿಲ್ಲ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಮೀನಿನ ಹಾಗೆ ಓಡಾಡಿಕೊಂಡೇ ಇದ್ದರು.

“ರೀ, ಊಟ ಆರಿಹೋಗುತ್ತೆ,” ಎಂದು ಅಕ್ಕ ಕೂಗಿದಳು.

“ಇನ್ನೊಂದು ಸುತ್ತು.”

ಠಸ್ಸೆಯಕ್ಕ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

“ಭಾವ, ಕೈ ಕೊಡಿ ಇಲ್ಲಿ.”

ಭಾವ ಅಂಚು ಹಿಡಿದು ನಿಂತು ಕೈ ಚಾಚಿದರು. ಅವಳು ಹೆಬ್ಬೆರಳ ಉಗುರನ್ನು, ಕೆನೆ ಮುಟ್ಟುವವಳ ಹಾಗೆ, ಬೇಕಾದಷ್ಟೇ ಒತ್ತಿ ಬಿಟ್ಟಳು. ಕೆಂಪು ಬಹಳ ನಿಧಾನವಾಗಿ ಬಂತು.

“ಮೇಲೆ ಬನ್ನಿ.”

“ನನಗೇನೂ ಚಳಿ ಇಲ್ಲ ನಾದಿನಿ.”

“ನಾನು ಉಗುರಿನ ಪಕ್ಷ,” ಎಂದು ಹೇಳಿ ಅವಳು ಟವೆಲ್ ಬಿಚ್ಚಿ ಹಿಡಿದಳು. ಟವೆಲ್ ಸುತ್ತಿಕೊಂಡವರ ಸಾಲಿನಿಂದ ಅವತ್ತಿನ ಆ ಹುಡುಗಿ ಪಕ್ಕಕ್ಕೆ ಸರಿದು, ಸಾರ್‌ಗೆ ಜಾಗ ಮಾಡಿಕೊಟ್ಟಳು.